ಬೋರಲು ಹಾಕಿದ ಮಣೆ

ಶಿವವ್ವ ಬಂಗಾರ ಕೇಳಲಿಲ್ಲ, ಇಳಕಲ್ಲ ಸೀರೆ ಕೇಳಲಿಲ್ಲ. ಮಧ್ಯಾಹ್ನ ಒಂದು ತಾಸು ನೆಲಕ್ಕೆ ಬೆನ್ನು ಹಚ್ಚಿ ಮಲಗಬೇಕು ಅನ್ನುವುದೊಂದೇ ಅವಳ ಆಸೆ. ಇದೂ ಒಂದು ಆಸೆಯೇನು ಅಂತ ನಿಮಗೆ ನಗೆ ಬಂದರೆ ನಗಿರಿ. ಕೋಳಿ ಕೂಗುವ ಮೊದಲೆದ್ದು ಮನೆ ತುಂಬ ಜನಕ್ಕೆ ಜೋಳ ಬೀಸಿದವರು ಮಾತ್ರ ನಗಲಾರರು. ಗೋಕಾಕದಲ್ಲಿ ಹಿಟ್ಟಿನ ಗಿರಣಿ ಬಂದಿದೆಯಂತೆ ಅಂತ ಆಗ ಸುದ್ದಿಯಷ್ಟೇ. ಮಮದಾಪುರದ ಹೆಣ್ಣುಮಕ್ಕಳ ರಟ್ಟೆಗೆ ಆ ಸುದ್ದಿಯಿಂದ ಏನೂ ಆರಾಮ ಸಿಕ್ಕಿರಲಿಲ್ಲ.

ಮನೆಯೇನು ಸಣ್ಣದಲ್ಲ. ಹಿರಿಯ ಮಗ ಅಪ್ಪಣ್ಣ ಬೆಲ್ಲದ ವ್ಯಾಪಾರಿ. ಮೂಡಲಗಿ ಸಂತೆ, ಹುಕ್ಕೇರಿ ಸಂತೆ ಅಂತ ಗಾಡಿ ಕಟ್ಟಿಕೊಂಡು ತಿರುಗುವವ. ಕಿರಿಯ ಮಗ ಪರಪ್ಪ ಹೊಲ ನೋಡಿಕೊಳ್ಳುವವ. ಅಪ್ಪಣ್ಣನ ಹೆಂಡತಿ ಕಾಶೆವ್ವ, ಪರಪ್ಪನ ಹೆಂಡತಿ ನಮ್ಮ ಶಿವವ್ವ, ಘೋಡಗೇರಿಯ ಹುಡುಗಿ. ಇವರೆಲ್ಲರ ಮೇಲೆ ಅತ್ತೆ ಅಲ್ಲವ್ವ. ಗಂಡ ಸತ್ತು ಎಷ್ಟೋ ವರ್ಷವಾಗಿದ್ದರೂ ಮನೆಯಲ್ಲಿ ಅವಳು ಕೆಮ್ಮಿದರೆ ಸಾಕು, ಪಡಸಾಲೆಯಲ್ಲಿ ಮಾತು ನಿಲ್ಲುತ್ತಿತ್ತು. ಇಷ್ಟು ಜನರ ಮೇಲೆ ಹೊಲದ ಆಳುಗಳು, ದಾರಿ ಹೋಕ ಜಂಗಮರು, ಹೇಳದೆ ಕೇಳದೆ ಬರುವ ಬೀಗರು.

ಬೀಸಿದ್ದಾದ ಮೇಲೆ ನೀರು. ನೀರಾದ ಮೇಲೆ ರೊಟ್ಟಿ. ರೊಟ್ಟಿಯ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಆಗ ಮನೆಯಲ್ಲಿ ಎಲ್ಲರೂ ಒಂದಿಷ್ಟು ತಣ್ಣಗಾಗುತ್ತಿದ್ದರು. ಗಂಡಸರು ಜಗಲಿಯ ಮೇಲೆ ಉರುಳುತ್ತಿದ್ದರು. ಕಾಶೆವ್ವನಿಗಂತೂ ತೊಟ್ಟಿಲ ಕೂಸಿತ್ತು. ಕೂಸು ಅತ್ತಿತೆಂದರೆ ಒಳಗೆ ಎತ್ತಿಕೊಂಡು ಹೋಗಿ, ಹಾಲು ಕುಡಿಸುತ್ತ ಒರಗುತ್ತಿದ್ದಳು. ಕೂಸು ಕುಡಿಯುತ್ತ ನಿದ್ದೆ ಹೋಗುವುದು, ತಾಯಿ ಕುಡಿಸುತ್ತ ನಿದ್ದೆ ಹೋಗುವುದು. ಹಾಲೂಡಿಸುವವಳನ್ನು ಎಬ್ಬಿಸಲಿಕ್ಕೆ ಯಾರಿಗೆ ಬಾಯಿ ಬಂದೀತು? ಶಿವವ್ವನಿಗೆ ಮದುವೆಯಾಗಿ ನಾಲ್ಕು ವರ್ಷ, ಹೊಟ್ಟೆ ತುಂಬಿರಲಿಲ್ಲ. ಬರಿದೇ ಮಲಗಿದರೆ ಅದು ಮೈಗಳ್ಳತನ. "ದೀಪಾ ಹಚ್ಚೋ ಮನೀಗೆ ಹಗಲ ನಿದ್ದಿ ಕೇಡು" ಅನ್ನುವುದು ಆ ಊರಿನ ಮಾತು. ಆ ಮಾತು ಗಂಡಸರ ಜಗಲಿಯ ತನಕ ಯಾಕೆ ಹೋಗುವುದಿಲ್ಲವೋ, ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಒಮ್ಮೆ ಗಂಡನ ಮುಂದೆ ಹೇಳಿಕೊಂಡಳು. "ಮಧ್ಯಾನ ಒಂದ ತಾಸು ಮಕ್ಕೊಂಡ್ರ ಸಾಕಾಗ್ತೈತ್ರಿ. ಮೈ ಅನ್ನೂದು ಮೈಯಾಗಿ ಉಳಿದಿಲ್ಲ."

"ಅವ್ವನ ಮುಂದ ಹೇಳು" ಅಂದ ಪರಪ್ಪ. ಹೇಳುವುದನ್ನು ಮುಗಿಸುವ ಮೊದಲೇ ಅವನಿಗೆ ನಿದ್ದೆ ಬಂದಿತ್ತು. ಭಾಗ್ಯವಂತ.

ಅವ್ವನ ಮುಂದೆ ಹೇಗೆ ಹೇಳುವುದು? ಶಿವವ್ವನ ಆ ಒಂದು ತಾಸನ್ನು ನುಂಗುತ್ತಿದ್ದವಳೇ ಅವ್ವ. ಬುತ್ತಿಯ ಬುಟ್ಟಿ ಕೆಳಗಿಟ್ಟು, ಎರಡು ತುತ್ತು ಉಂಡು, ಕೈ ತೊಳೆಯುವಷ್ಟರಲ್ಲಿ ನಡುಮನೆಯಿಂದ ದನಿ ಬರುತ್ತಿತ್ತು.

"ಶಿವವ್ವಾ, ಮಣಿ ತಾ."

ಮಣಿ ಅಂದರೆ ಅಳಗುಳಿ ಮಣೆ. ಗೋಕಾಕದ ಚಿತ್ರಗಾರರ ಓಣಿಯಲ್ಲಿ ಮಾಡಿಸಿದ್ದು, ಮೀನಿನ ಆಕಾರದ್ದು, ಅಂಚಿಗೆ ಕೆಂಪು ಹಸಿರು ಬಣ್ಣ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗಳಿಗೆ ಹಾಕುವುದು ಹುಣಸೆ ಬೀಜ. ಆದರೆ ಆ ಮನೆಯಲ್ಲಿ ಅವನ್ನು ಬೀಜ ಅನ್ನುವಂತಿಲ್ಲ, ಮಾಣಿಕ ಅನ್ನಬೇಕು. ಎಣ್ಣೆಗೈಯಲ್ಲಿ ತಿಕ್ಕಿ ತಿಕ್ಕಿ ಅವು ಕಡುಗೆಂಪಾಗಿ ಹೊಳೆಯುತ್ತಿದ್ದವು, ಅದು ಖರೆ. ನಿದ್ದೆಗೆಟ್ಟವಳ ಕಣ್ಣಿಗೆ ಮಾಣಿಕವೂ ಒಂದೇ ಕಲ್ಲೂ ಒಂದೇ.

ಆಟ ತಿಳಿಯದವರಿಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗುಳಿಗೆ ಐದೈದು ಮಾಣಿಕ. ನಿನ್ನ ಸಾಲಿನ ಒಂದು ಗುಳಿಯನ್ನು ಬರಿದು ಮಾಡಿ, ಬಲಗಡೆ ಒಂದೊಂದೇ ಹಂಚುತ್ತ ಹೋಗು. ನಿನ್ನ ಸಾಲು ಮುಗಿದರೆ ಎದುರಿನವರ ಸಾಲಿಗೆ ತಿರುಗು. ಕೈ ಬರಿದಾಯಿತೋ, ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಂಚು. ಮುಂದಿನ ಗುಳಿ ಖಾಲಿಯಿತ್ತೋ, ಅಲ್ಲಿಗೆ ನಿನ್ನ ಸರತಿ ಮುಗಿಯಿತು. ಖಾಲಿ ಗುಳಿಯನ್ನು ಬೆರಳಿನಿಂದ ಒರೆಸಿ, ಅದರಾಚೆಯ ಗುಳಿಯಲ್ಲಿದ್ದದ್ದನ್ನೆಲ್ಲ ಬಾಚಿಕೋ. ಹಂಚುವಾಗ ಎಲ್ಲಿಯಾದರೂ ನಾಲ್ಕು ಕೂಡಿದರೆ ಅದು ಆಕಳು. ಯಾರ ಸಾಲಿನಲ್ಲಿ ಕೂಡಿತೋ ಅವರ ಕೊಟ್ಟಿಗೆಗೆ. ಒಂದು ಆಟ ಮುಗಿದ ಮೇಲೆ ಗಳಿಸಿದ್ದರಲ್ಲಿ ತಂತಮ್ಮ ಗುಳಿ ತುಂಬಬೇಕು. ತುಂಬಲಾರದ ಗುಳಿ ಹಾಳು ಬಿತ್ತೆಂದು ಅದರ ಮೇಲೊಂದು ಕಡ್ಡಿ ಇಡುತ್ತಾರೆ. ಹಾಳು ಬಿದ್ದ ಗುಳಿಯನ್ನು ದಾಟಿ ಹೋಗಬೇಕು, ಅದರೊಳಗೆ ಏನೂ ಹಾಕುವಂತಿಲ್ಲ. ಸಂಸಾರದ ಹಾಗೆಯೇ, ಇದ್ದವರಿಗೆ ಮತ್ತಷ್ಟು, ಇಲ್ಲದವರಿಗೆ ಕಡ್ಡಿ.

ಒಬ್ಬರ ಏಳೂ ಗುಳಿ ಹಾಳು ಬಿದ್ದರೆ ಅದಕ್ಕೆ ಬರಿಗೈ ಅನ್ನುತ್ತಿದ್ದರು. ಬರಿಗೈ ಅಂದರೆ ಆ ಮನೆತನದಲ್ಲಿ ಹೆದರಿಕೆ. ಒಬ್ಬರನ್ನು ಬರಿಗೈ ಮಾಡಿದ ಮಾಣಿಕ ಮತ್ತೆ ಮಣೆಗೆ ಬರಬಾರದು, ಬಂದರೆ ಮನೆಯ ಕಣಜ ಬರಿದಾಗುತ್ತದೆ ಅನ್ನುವ ನಂಬಿಕೆ. ಅವನ್ನು ಬಾವಿಗೆ ಹಾಕಿ, ಮಣೆಯನ್ನು ಬೋರಲು ಇಟ್ಟು, ಹೊಸ ಹುಣಸೆ ಬರುವ ತನಕ ಮುಟ್ಟಬಾರದು. ಅದಕ್ಕೇ ಆ ಮನೆಯಲ್ಲಿ ಯಾರೂ ಆಟವನ್ನು ಕೊನೆ ಮುಟ್ಟಿಸುತ್ತಿರಲಿಲ್ಲ. ಎದುರಿನವರಿಗೆ ಒಂದೋ ಎರಡೋ ಗುಳಿ ಉಳಿದಾಗ ಗೆದ್ದವರೇ "ಸಾಕು, ಇದು ಇಲ್ಲಿಗೆ" ಅಂತ ಎಲ್ಲ ಕೂಡಿಸಿ, ಮರುದಿನ ಮತ್ತೆ ಮೊದಲಿನಿಂದ ಐದೈದು ಹಂಚುತ್ತಿದ್ದರು. ಹೀಗಾಗಿ ಆಟಕ್ಕೆ ಮುಗಿತಾಯವೇ ಇರಲಿಲ್ಲ. ಶಿವವ್ವನ ಗೋಳಿಗೂ ಇರಲಿಲ್ಲ.

ಅದೂ ಅಲ್ಲವ್ವನ ಆಟವೆಂದರೆ ದೇವರೇ ಗತಿ. ಒಂದು ಗುಳಿ ಎತ್ತಲಿಕ್ಕೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಬೇಕು. ಗುಳಿಯ ಮೇಲೆ ಬೆರಳಿಡುತ್ತಾಳೆ, ತೆಗೆಯುತ್ತಾಳೆ. ಎತ್ತಿಕೊಂಡ ಮೇಲೂ ಅಂಗೈಯಲ್ಲಿ ಹೊರಳಿಸುತ್ತ ಕೂಡುತ್ತಾಳೆ. ಗೋಡೆಗೊರಗಿದ ಶಿವವ್ವನ ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಹೊರಗೆ ಯಾರದೋ ಹೆಜ್ಜೆ ಸದ್ದಾದರೆ ಮುದುಕಿಯ ಬೆರಳು ಮೊಣಕಾಲಿಗೆ ಚುಚ್ಚುತ್ತಿತ್ತು.

"ಏ ಹುಡಗಿ, ನಿಂದ ಐತಿ ಸರತಿ. ಎತ್ತ."

ಶಿವವ್ವ ಬೆಚ್ಚಿ ಎದ್ದು ಯಾವುದೋ ಗುಳಿ ಎತ್ತಿ ಹಂಚುತ್ತಿದ್ದಳು. ಸೋಲುತ್ತಿದ್ದಳು. ತವರಿನಲ್ಲಿ ಅವಳ ಎದುರು ಕೂಡಲಿಕ್ಕೆ ಅಣ್ಣಂದಿರೇ ಹೆದರುತ್ತಿದ್ದರು; ಇಲ್ಲಿ ಅತ್ತೆಯನ್ನು ಸೋಲಿಸುವುದು ಸೊಸೆಗೆ ಒಪ್ಪುವ ಮಾತಲ್ಲ ಅಂತ ಕೈ ಬಿಗಿ ಹಿಡಿದಿದ್ದಳು. ಒಳಗೊಳಗೇ ಮಾತ್ರ ಕುದಿಯುತ್ತಿದ್ದಳು. ಈ ಮುದುಕಿಗೆ ನಿದ್ದೆಯಾದರೂ ಬರಬಾರದೆ? ವಯಸ್ಸಾದವರಿಗೆ ನಿದ್ದೆ ಬೇಡ ಸರಿ, ನನಗೂ ಬೇಡವೆ?

ಒಂದು ದಿನ ಬಾವಿಯ ಕಟ್ಟೆಯ ಮೇಲೆ ಈ ಸಂಕಟವನ್ನು ಬಾಜೂಮನೆಯ ಲಕ್ಕವ್ವನ ಮುಂದೆ ತೋಡಿಕೊಂಡಳು. ಲಕ್ಕವ್ವ ಬಾಯಿಬಡುಕಿ, ಆದರೆ ಮನಸ್ಸು ಕೆಟ್ಟದ್ದಲ್ಲ. ಕೊಡ ಮೇಲೆಳೆದು ಕಟ್ಟೆಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಯ್ಯ ನಿನ್ನ! ಇದಕ್ಕ ಇಷ್ಟ್ಯಾಕ ಅಳಾಕತ್ತಿ? ಬರಿಗೈ ಮಾಡಿ ಕುಂದ್ರಸ. ಮಾಣಿಕ ಬಾವಿಗಿ ಬೀಳ್ತಾವು, ಮಣಿ ಬೋರಲ ಆಕ್ಕೈತಿ. ಹೊಸಾ ಹುಣಸಿ ಬರೂತನಕ ನೀ ಆರಾಮ ಮಕ್ಕೋ."

"ಅತ್ತೀನ ಬರಿಗೈ ಮಾಡೂದಂದ್ರ... ಮಂದಿ ಏನಂದಾರು?"

"ಮಂದಿ! ಮಂದಿ ಬಂದ ನಿನ್ನ ಜ್ವಾಳಾ ಬೀಸ್ತಾರೇನು?"

ಆ ಮಾತು ಶಿವವ್ವನ ತಲೆ ಹೊಕ್ಕಿತು. ದಸರೆ ಕಳೆದಿತ್ತು, ಹೊಲದಲ್ಲಿ ಶೇಂಗಾ ಕೀಳುವ ದಿನಗಳು. ಹೊಸ ಹುಣಸೆ ಬರಬೇಕೆಂದರೆ ಶಿವರಾತ್ರಿ ಹತ್ತಿರ ಬರಬೇಕು. ಅಲ್ಲಿಯ ತನಕ ದಿನಕ್ಕೊಂದು ತಾಸು ನಿದ್ದೆ. ನೆನೆಸಿದರೇ ಅವಳ ಮೈ ಹಗುರಾಯಿತು.

ಆ ದಿನ ಮಣೆಯ ಮುಂದೆ ಅವಳು ಬೇರೆಯೇ ಹೆಂಗಸಾಗಿ ಕುಳಿತಳು. ಎತ್ತುವ ಮೊದಲು ಕಣ್ಣಲ್ಲೇ ಹಂಚಿ ನೋಡಿದಳು, ಕೈ ಎಲ್ಲಿ ಬರಿದಾಗುತ್ತದೆ, ಅದರ ಮುಂದೆ ಖಾಲಿ ಗುಳಿ ಯಾವುದು, ಅದರಾಚೆ ಏನು ಕೂತಿದೆ ಅಂತ. ಮೊದಲ ಆಟದಲ್ಲೇ ಅಲ್ಲವ್ವನ ಎರಡು ಗುಳಿ ಹಾಳು ಬಿದ್ದವು. ಮರುದಿನ ಮತ್ತೆರಡು.

ಅಲ್ಲವ್ವ ಕಡ್ಡಿ ಇಡುತ್ತ ಸೊಸೆಯ ಮುಖ ನೋಡಿದಳು. "ಇವತ್ತ ನಿದ್ದಿ ಬರವಲ್ದೇನ ನಿನಗ?"

"ಇಲ್ರಿ ಅತ್ಯಾರ."

"ಹ್ಞೂ" ಅಂದಳು ಅಲ್ಲವ್ವ. ಅಷ್ಟೇ.

ಮೂರನೆಯ ಮಧ್ಯಾಹ್ನ ಅಲ್ಲವ್ವನಿಗೆ ಉಳಿದದ್ದು ಒಂದೇ ಗುಳಿ. ಅವಳು ಕೈ ಚಾಚಿ ಮಣೆಯ ಅಂಚು ಹಿಡಿದಳು. "ಸಾಕವಾ. ಇದು ಇಲ್ಲಿಗೆ. ನಾಳಿ ಮತ್ತ ಮೊದಲಿಂದ ಹಾಕೂಣು."

ಹೀಗೆ ಹೇಳಬೇಕಾದವಳು ಗೆದ್ದವಳು. ಸೋಲುವವಳೇ ಬಾಯಿಬಿಟ್ಟು ಕೇಳಿದಳೆಂದರೆ ಅದು ಬೇಡಿಕೊಂಡ ಹಾಗೆ. ಶಿವವ್ವನಿಗೆ ತಿಳಿಯದ್ದೇನಲ್ಲ. ಆದರೆ, ಏನು ಹೇಳಲಿ, ನಿದ್ದೆಯ ಆಸೆ ಕೆಟ್ಟದ್ದು. ಹಸಿವು ರುಚಿ ನೋಡುವುದಿಲ್ಲ, ನಿದ್ದೆ ಮುಖ ನೋಡುವುದಿಲ್ಲ.

"ಬ್ಯಾಡ್ರಿ ಅತ್ಯಾರ. ಇವತ್ತ ಮುಗಸೂಣು."

"ಮುಗಸ್ತಿ?"

"ಹೂನ್ರಿ."

ಅಲ್ಲವ್ವ ಮಣೆಯ ಅಂಚು ಬಿಟ್ಟಳು. ತನ್ನ ಒಂದೇ ಗುಳಿಯ ಐದು ಮಾಣಿಕ ಎತ್ತಿ, ಈ ಸಲ ತಡ ಮಾಡದೆ, ಪಟಪಟನೆ ಹಂಚಿದಳು. ಆ ಕೈಯ ಚುರುಕು ನೋಡಿ ಶಿವವ್ವ ಬೆರಗಾದಳು. ಇಷ್ಟು ಬೇಗ ಆಡಬಲ್ಲವಳು ಇಷ್ಟು ದಿನ ಯಾಕೆ ಎಳೆದಾಡುತ್ತಿದ್ದಳು? ಆದರೆ ಒಂದೇ ಗುಳಿಯ ಸಂಸಾರ ಎಷ್ಟು ಹೊತ್ತು ನಡೆದೀತು? ಶಿವವ್ವ ಬೆರಳಿನಿಂದ ಕೊನೆಯ ಖಾಲಿ ಗುಳಿ ಒರೆಸಿ, ಅದರಾಚೆಯದನ್ನು ಬಾಚಿಕೊಂಡಳು. ಮುಗಿಯಿತು.

ಅಲ್ಲವ್ವ ಎಲ್ಲ ಮಾಣಿಕಗಳನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಸೊಸೆಯ ಕೈಗಿಟ್ಟಳು. "ಗೆದ್ದಾಕಿ ಹಾಕಬೇಕು. ಹೋಗ, ಬಾವಿಗಿ ಹಾಕಿ ಬಾ." ಸಿಟ್ಟಿರಲಿಲ್ಲ ಆ ದನಿಯಲ್ಲಿ. ದಣಿವಿತ್ತು.

ಶಿವವ್ವ ಹಾಕಿ ಬಂದಳು. ಬರುವಷ್ಟರಲ್ಲಿ ಮಣೆ ಗೋಡೆಯ ಮೂಲೆಯಲ್ಲಿ ಬೋರಲು ಬಿದ್ದಿತ್ತು.

ಮರುದಿನ ಮಧ್ಯಾಹ್ನ ಅವಳು ಉಂಡು ಕೈ ತೊಳೆದಳು. ನಡುಮನೆಯಿಂದ ದನಿ ಬರಲಿಲ್ಲ. ಅಡುಗೆ ಮನೆಯ ಮಗ್ಗುಲ ಕೋಣೆಯಲ್ಲಿ ಕಂಬಳಿ ಹಾಸಿ, ಸೆರಗನ್ನು ಮುಖಕ್ಕೆಳೆದು ಮಲಗಿದಳು. ಆಹಾ, ಬೆನ್ನಿನ ಒಂದೊಂದು ಎಲುಬೂ ನೆಲ ಮುಟ್ಟಿದ ಆ ಸುಖ! ಕಣ್ಣು ಮುಚ್ಚಿತು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಕಾಶೆವ್ವ ನಿಂತಿದ್ದಳು.

"ಶಿವವ್ವಾ, ಮೈಯಾಗ ಆರಾಮಿಲ್ಲೇನ?"

"ಹಂಗೇನಿಲ್ಲಕ್ಕಾ. ಸುಮ್ನ ಅಡ್ಡಾಗಿದ್ನಿ."

"ಸುಮ್ನ ಅದಿಯೇನು? ಹಂಗಾರ ಒಂದೀಟ ಏಳವಾ. ಬೀಜಕ್ಕ ಶೇಂಗಾ ಸುಲಿಯೂದೈತಿ. ನನಗ ಕೂಸು ಬಿಡವಲ್ದು."

ಕಾಶೆವ್ವ ಕೆಟ್ಟವಳೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಶೇಂಗಾ ಇದ್ದದ್ದು ಖರೆ, ಕೂಸು ಬಿಡದಿದ್ದದ್ದೂ ಖರೆ. ಮನೆಯಲ್ಲಿ ಒಂದು ಜೊತೆ ಕೈ ಸುಮ್ಮನಿವೆ ಅಂತ ಗೊತ್ತಾದರೆ ಕೆಲಸ ತಾನೇ ಹುಡುಕಿಕೊಂಡು ಬರುತ್ತದೆ. ಶೇಂಗಾ ಮುಗಿದರೆ ಸಗಣಿಯ ಕುಳ್ಳು ತಟ್ಟುವುದಿತ್ತು. ಕುಳ್ಳಾದರೆ ಹರಿದ ಕೌದಿ. ಕೌದಿಗೆ ಕೈ ಹಚ್ಚಿದರೆ ಅಪ್ಪಣ್ಣನ ಬೆಲ್ಲದ ಹೆಡಿಗೆಗಳಿಗೆ ಅಡಿಯಲ್ಲಿ ಹಾಸಲಿಕ್ಕೆ ಎಲೆ ಒರೆಸಿಡುವುದು. ಪರಪ್ಪನೇ ಒಂದು ದಿನ "ಹೆಂಗಿದ್ರೂ ಈಗ ಆಟ ಇಲ್ಲಲ್ಲ, ಇಳಿಹೊತ್ತಿನಾಗ ಆಳಮಂದಿಗಿ ಮತ್ತೊಮ್ಮಿ ಬುತ್ತಿ ತಂದುಬಿಡು" ಅಂದ. ಗಂಡನ ಬಾಯಿಂದ ಆ ಮಾತು ಬಂದಾಗ ಶಿವವ್ವನಿಗೆ ಅಳು ಬರಲಿಲ್ಲ, ಅಳಲಿಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡದ್ದು ಅವಳಿಗೆ ಒಂದೊಂದಾಗಿ ಅರ್ಥವಾಗತೊಡಗಿತು. ಮಣೆಯ ಮುಂದೆ ಕುಳಿತಾಗ ಒಬ್ಬರೂ ಅವಳನ್ನು ಕರೆಯುತ್ತಿರಲಿಲ್ಲ. ಅತ್ತೆಯ ಎದುರಿನಿಂದ ಸೊಸೆಯನ್ನು ಎಬ್ಬಿಸುವ ಧೈರ್ಯ ಅಪ್ಪಣ್ಣನಿಗೂ ಇರಲಿಲ್ಲ. ಗೋಡೆಗೊರಗಿ, ಮುದುಕಿ ಗುಳಿ ಎತ್ತುವಷ್ಟರಲ್ಲಿ, ಅವಳು ಕಣ್ಣು ಮುಚ್ಚಿದ್ದೆಷ್ಟು ಸಲ! ಕಾಲು ಚಾಚಿದ್ದೆಷ್ಟು ಸಲ! ಅದನ್ನು ಆಗ ಅವಳು ವಿಶ್ರಾಂತಿ ಅಂತ ತಿಳಿದಿರಲೇ ಇಲ್ಲ.

ಕಾರ್ತಿಕದ ಒಂದು ಬೆಳಗ್ಗೆ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ, ಶಿವವ್ವ ಕೂತಲ್ಲೇ ತೂಕಡಿಸಿದಳು. ಕೈ ಜಾರಿ ಕಾದ ಹಂಚಿಗೆ ಹತ್ತಿತು. ಮಣಿಕಟ್ಟಿನಿಂದ ಅಂಗೈಯ ಬುಡದ ತನಕ ಚರ್ಮ ಎದ್ದು ಬಂತು. ಅವಳು ಚೀರಲಿಲ್ಲ. ಕೈಯನ್ನು ನೀರಿನ ಮಗೆಯಲ್ಲಿ ಅದ್ದಿ, ಮತ್ತೊಂದು ಕೈಯಲ್ಲಿ ರೊಟ್ಟಿ ತಿರುವಿ ಹಾಕಿದಳು. ತಿರುಗಿ ನೋಡಿದರೆ ಬಾಗಿಲ ಚೌಕಟ್ಟು ಹಿಡಿದು ಅಲ್ಲವ್ವ ನಿಂತಿದ್ದಳು.

ಮುದುಕಿ ಹಿತ್ತಲಿಗೆ ಹೋದಳು. ಲೋಳಸರದ ಎಲೆ ಮುರಿದು ತಂದು, ಅದರ ತಿರುಳನ್ನು ಸುಟ್ಟ ಕೈಗೆ ಸವರಿದಳು. ಆಗ ಶಿವವ್ವನ ಕಟ್ಟೆ ಒಡೆಯಿತು.

"ಅತ್ಯಾರ, ತಪ್ಪಾತ್ರಿ. ಗುಲಗಂಜಿ ಹಾಕಿ ಆಡೂಣ್ರಿ. ಇಲ್ಲಾಂದ್ರ ಹರಳ ಆರಿಸ್ಕೊಂಡ ಬರ್ತೇನಿ. ಮಣಿ ಎತ್ತಿ ಹಾಕ್ರಿ."

"ಬೋರಲ ಬಿದ್ದ ಮಣಿ ಹೆಂಗ ಎತ್ತಲಿ? ನಮ್ಮತ್ತಿ ಇಟ್ಟ ರೂಢಿ ಅದು. ನಾ ಮುರದ್ರ ನಾಳಿ ಕಣಜದಾಗ ಒಂದ ಹುಳಾ ಬಿದ್ರೂ ಅಪ್ಪಣ್ಣ ನಿನ್ನ ಹೆಸರ ಹೇಳ್ತಾನ."

"ನಿಮಗೂ ಆಟ ಇಲ್ಲದ ಹೊತ್ತ ಹೋಗವಲ್ದೇನೋ ಅಂತ..."

"ನನಗ?" ಅಲ್ಲವ್ವ ನಕ್ಕಳು. ಆ ನಗೆಯಲ್ಲಿ ಹಲ್ಲಿಗಿಂತ ಸುಸ್ತೇ ಹೆಚ್ಚು. "ನನಗ ಆ ಆಟ ಯಾವತ್ತೂ ಸೇರಲಿಲ್ಲ ಹುಚ್ಚಿ. ಅಷ್ಟೊತ್ತ ನೆಟ್ಟಗ ಕುಂತ ಟೊಂಕ ಬಿದ್ದ ಹೋಗಿತ್ತು. ಮಣಿ ಎತ್ತಿಟ್ಟ ಮ್ಯಾಲ ಗ್ವಾಡಿ ಹಿಡದ ಏಳ್ತಿದ್ನಿ, ನೀ ನೋಡಿಲ್ಲ."

ಶಿವವ್ವ ಹಂಚಿನ ಮೇಲಿನ ರೊಟ್ಟಿ ಮರೆತಳು.

"ಕಾಶೆವ್ವಗ ಕೂಸಿನ ನೆವ ಐತಿ. ಗಂಡಸರಿಗಿ ನೆವಾನ ಬೇಕಾಗಿಲ್ಲ. ನಿನಗ ನಾ ಏನ್ ನೆವ ಕೊಡ್ಲಿ? ಮಕ್ಕೋ ಹೋಗ ಅಂದ್ರ ನಾಕ ಮಂದಿ ನಾಕ ಮಾತಾಡ್ತಾರ, ಬಂಜಿಗಿ ಹಗಲ ನಿದ್ದಿ ಬ್ಯಾರೆ ಕೇಡು ಅಂತ. ನನಗೂ ಅಂದಿದ್ರು, ಅಪ್ಪಣ್ಣ ಹುಟ್ಟೂ ಮುಂಚೆ. ಅದಕ್ಕ ಮಣಿ ತಾ ಅಂತಿದ್ನಿ. ನಿನ್ನ ಕಣ್ಣು ಮುಚ್ಚಲಿ ಅಂತ ಗುಳಿ ಎತ್ತಾಕ ತಡಾ ಮಾಡ್ತಿದ್ನಿ. ಹೊರಗ ಯಾರರ ಬಂದ್ರ ತಿವೀತಿದ್ನಿ."

"ಮದ್ಲ ಹೇಳಬಾರ್ದಿತ್ತೇನ್ರಿ?"

"ಹೇಳಿದ್ರ ನೀ ಬಾವಿಕಟ್ಟಿ ಮ್ಯಾಲ ಹೇಳ್ತಿದ್ದಿ, ಲಕ್ಕವ್ವ ಊರಿಗಿ ಹೇಳ್ತಿದ್ಲು." ಲೋಳಸರದ ಸಿಪ್ಪೆ ಒಲೆಗೆಸೆದು ಅಲ್ಲವ್ವ ಎದ್ದಳು, ಗೋಡೆ ಹಿಡಿದೇ ಎದ್ದಳು. "ರೊಟ್ಟಿ ಹೊತ್ತಾಕತ್ತೈತಿ ನೋಡ."

ಶಿವವ್ವನಿಗೆ ಮೈಯೆಲ್ಲ ನಾಚಿಕೆಯಾಯಿತು. ವರ್ಷಗಟ್ಟಲೆ ಈ ಮುದುಕಿಯನ್ನು ಮನಸ್ಸಿನಲ್ಲೇ ಬೈದಿದ್ದಳು. ಕೊನೆಗೆ ಅವಳು ಬೇಡಿಕೊಂಡಾಗಲೂ ಬಿಡದೆ ಬರಿಗೈ ಮಾಡಿ ಕೂಡಿಸಿದ್ದಳು. ಸುಟ್ಟ ಕೈಯ ಉರಿ ಅದರ ಮುಂದೆ ಏನೂ ಅಲ್ಲ ಅನ್ನಿಸಿತು.

ಒಂದೆರಡು ದಿನ ಹಾಗೇ ಕಳೆದವು. ಸೋಮವಾರ, ಎಲ್ಲರ ಲಿಂಗಪೂಜೆ ಮುಗಿದು, ಅಪ್ಪಣ್ಣ ಇನ್ನೂ ಗಾಡಿ ಕಟ್ಟಿರಲಿಲ್ಲ. ಅಲ್ಲವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಮಕ್ಕಳನ್ನೂ ಸೊಸೆಯಂದಿರನ್ನೂ ಒಳಗೆ ಕರೆಸಿದಳು.

"ಅಪ್ಪಣ್ಣ, ನನ್ನ ಕಾಲು ಇನ್ನ ನಡಿಯೂದಿಲ್ಲ. ನಾ ಹಾಸಿಗಿ ಹಿಡದ್ನಿ ಅಂತ ತಿಳಕೊಳ್ರಿ."

"ಹಂಗ್ಯಾಕ ಅಂತಿಯವಾ? ಗೋಕಾಕದಿಂದ ವೈದ್ಯರನ್ನ ಕರಕೊಂಡ ಬರ್ತೇನಿ."

"ವಯಸ್ಸಿಗಿ ವೈದ್ಯ ಎಲ್ಲಿಂದ ಬರಬೇಕು." ಅವಳು ಸೊಂಟಕ್ಕೆ ಕೈ ಹಾಕಿ, ಕಣಜದ್ದು, ಬೆಲ್ಲದ ಕೋಣೆಯದು, ಹಾಲುತುಪ್ಪದ ಕಪಾಟಿನದು, ಎಲ್ಲ ಕೀಲಿಗಳಿದ್ದ ಗೊಂಚಲು ಬಿಚ್ಚಿದಳು.

ಇದರ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಸಿಗೆ ಹಿಡಿದವಳ ಸೊಂಟದಲ್ಲಿ ಕೀಲಿ ಇರಬಾರದು. ಕಾಲು ಬಿದ್ದ ದಿನ ಯಜಮಾನಿಕೆಯೂ ಬಿತ್ತು. ಒಮ್ಮೆ ಕೊಟ್ಟರೆ ಮುಗಿಯಿತು, ಕಾಲು ನೆಟ್ಟಗಾದರೂ ಅದು ತಿರುಗಿ ಬರುವುದಿಲ್ಲ. ಮುದುಕಿಯರು ಸಾಯುವ ಹಿಂದಿನ ದಿನದ ತನಕ ಗೋಡೆ ಹಿಡಿದಾದರೂ ಓಡಾಡುತ್ತಿದ್ದದ್ದು ಅದಕ್ಕೇ. ನಾಳೆಯಿಂದ ಒಂದು ಚೂರು ಬೆಲ್ಲ ಬೇಕೆಂದರೂ ಅಲ್ಲವ್ವ ಸೊಸೆಯನ್ನು ಕೇಳಬೇಕು.

"ಕಾಶೆವ್ವಾ, ಹಿಡಿ. ಇನ್ನ ಮನಿ ನಿಂದು."

ಕಾಶೆವ್ವ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಅವಳ ಕಣ್ಣಲ್ಲಿ ನೀರೂ ಬಂತು, ಬೆಳಕೂ ಬಂತು. ಅದರಲ್ಲಿ ಸುಳ್ಳು ಯಾವುದೂ ಇರಲಿಲ್ಲ.

"ಮತ್ತೊಂದ ಮಾತು" ಅಂದಳು ಅಲ್ಲವ್ವ. ದನಿ ಇನ್ನೂ ಯಜಮಾನತಿಯದೇ. "ಮಧ್ಯಾನ ಕಾಲ ಭಾಳ ನೂಸ್ತಾವು. ಶಿವವ್ವನ ಕೈ ತಂಪ ಐತಿ. ದಿನಾ ಉಂಡ ಮ್ಯಾಲ ಆಕಿ ಬಂದ ಕಾಲ ಒತ್ತಲಿ. ಆ ಹೊತ್ತಿನಾಗ ಆಕೀನ ಯಾರೂ ಕರೀಬ್ಯಾಡ್ರಿ. ಬಾಗಿಲಾ ಮುಂದ ಮಾಡಿರ್ರಿ, ನನಗ ಗಾಳಿ ತಡಿಯೂದಿಲ್ಲ."

"ಹೂನ್ರಿ ಅತ್ಯಾರ, ಅದಕ್ಕೇನು" ಅಂದಳು ಕಾಶೆವ್ವ, ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. ಪರಪ್ಪ ಹೆಂಡತಿಯ ಕಡೆ ನೋಡಿ, "ಅವ್ವನ್ನ ಛಲೋ ನೋಡ್ಕೋ" ಅಂದ.

ಶಿವವ್ವ ಬೇಡ ಅನ್ನಬೇಕೆಂದು ಬಾಯಿ ತೆರೆದಳು. ಅಲ್ಲವ್ವ ಕಣ್ಣು ಕೆಕ್ಕರಿಸಿ ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿತು.

ಮಧ್ಯಾಹ್ನ ಉಂಡು ಒಳಗೆ ಹೋದಳು. ಬಾಗಿಲು ಎಳೆದು ಮುಂದೆ ಮಾಡಿ, ಅತ್ತೆಯ ಕಾಲ ಬುಡದಲ್ಲಿ ಕುಳಿತು, ಸುಡದ ಕೈಯಿಂದ ಮೀನಖಂಡ ಮುಟ್ಟಿದಳು. ಅಲ್ಲವ್ವ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಸುಟ್ಟ ಕೈ ತಗೊಂಡ ಕಾಲ ಒತ್ತಾಕ ಬಂದಾಳ. ಮಕ್ಕೋ."

"ಅತ್ಯಾರ, ಕೀಲಿ... ನನ್ನ ಸಲುವಾಗಿ ಕೊಡಬಾರ್ದಿತ್ರಿ. ಇಡೀ ಜನ್ಮ ಹಿಡದ ಬಂದದ್ದು."

"ಭಾಳ ವಜ್ಜಿ ಇತ್ತ ಅದು. ಟೊಂಕಕ್ಕ ಒತ್ತತಿತ್ತು." ಗೋಡೆಯ ಕಡೆ ಮುಖ ಮಾಡಿ ಅಂದಳು, "ಸುಳ್ಳ ಯಾಕ ಹೇಳ್ಲಿ, ಸಂಕಟ ಆಕ್ಕೈತಿ. ಆಗಲಿ ಬಿಡು. ಮಕ್ಕೋ, ಹೊತ್ತ ಹೋಗಾಕತ್ತೈತಿ."

ಶಿವವ್ವ ಅಳುತ್ತ ಅತ್ತೆಯ ಮಗ್ಗುಲಲ್ಲಿ ಮುದುಡಿ ಮಲಗಿದಳು. ಅಲ್ಲವ್ವ ತನ್ನ ಕೌದಿಯನ್ನು ಎಳೆದು ಅವಳ ಮೇಲೆ ಹಾಕಿದಳು. ಅಳು ಮುಗಿಯುವ ಮೊದಲೇ ನಿದ್ದೆ ಬಂದುಬಿಟ್ಟಿತು.

ಹೊರಗೆ ಕಣಜದ ಬಾಗಿಲು ತೆರೆದ ಸದ್ದಾಯಿತು. ಕಾಶೆವ್ವನ ಹೆಜ್ಜೆ ನಡುಮನೆಗೆ ಬಂದು, ಮುಂದೆ ಮಾಡಿದ ಬಾಗಿಲ ಹತ್ತಿರ ನಿಂತಿತು.

"ಅಯ್ಯೋ ಯವ್ವಾ, ಸಾವಕಾಶ ಒತ್ತ ಹುಡಗಿ! ಹಾಂ, ಅಲ್ಲೇ, ಅಲ್ಲೇ ಒತ್ತ" ಅಂತ ಅಲ್ಲವ್ವ ದೊಡ್ಡ ದನಿ ತೆಗೆದು ನರಳಿದಳು. ಹೆಜ್ಜೆ ಹಿಂದಕ್ಕೆ ಹೋಯಿತು. ಅವಳು ಗೋಡೆಗೊರಗಿ ಕುಳಿತು, ಆಗೊಮ್ಮೆ ಈಗೊಮ್ಮೆ ಇಡೀ ಮನೆಗೆ ಕೇಳುವ ಹಾಗೆ ನರಳುತ್ತ, ಸೊಸೆ ಏಳುವ ತನಕ ತನ್ನ ಕಾಲು ತಾನೇ ಒತ್ತಿಕೊಂಡಳು.